ಹಳೇ ಅಗ್ಗಿಷ್ಟಿಕೆಯೊಳಗೆ ಬೀಡಿನ ಒಲೆ ಕೂರಿಸಿದೆವು: ಎರಡು ಮಳೆಗಾಲದ ಅನುಭವ

ಟಿಳಕವಾಡಿ ಕಲ್ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ನಾನು ಹುಡುಕುವಾಗ ಕನ್ನಡದಲ್ಲಿ ಈ ವಿಷಯ ಎಲ್ಲೂ ಸಿಗಲಿಲ್ಲ, ಅದಕ್ಕೆ.

ನಮ್ಮದು ಬೆಳಗಾವಿ ಟಿಳಕವಾಡಿಯಲ್ಲಿ ಅಜ್ಜ ಕೊಂಡ ಕಲ್ಲಿನ ಮನೆ. ಒಂದೂವರೆ ಅಡಿ ದಪ್ಪದ ಗೋಡೆ, ಸಾಗವಾನಿ ತೊಲೆ, ಮೇಲೆ ಮಂಗಳೂರು ಹಂಚು. ಪಡಸಾಲೆಯಲ್ಲಿ ಬ್ರಿಟಿಷರ ಕಾಲದ ಅಗ್ಗಿಷ್ಟಿಕೆ ಇದೆ. ನನಗೆ ತಿಳುವಳಿಕೆ ಬಂದಾಗಿನಿಂದ ಅದರಲ್ಲಿ ಬೆಂಕಿ ಕಂಡಿರಲಿಲ್ಲ. ಅವ್ವ ಅದರೊಳಗೆ ರದ್ದಿ ಪೇಪರ್ ಇಡುತ್ತಿದ್ದಳು.

ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ. ಮೊಬೈಲಿನಲ್ಲಿ 20 ಡಿಗ್ರಿ ಅಂತ ತೋರಿಸುತ್ತದೆ. ಅದೇನು ಚಳಿ ಅಲ್ಲ ಅನ್ನಬಹುದು. ಆದರೆ ಕಲ್ಲಿನ ಗೋಡೆಗೆ ಕೈ ಇಟ್ಟರೆ ಒದ್ದೆ ಬಟ್ಟೆ ಮುಟ್ಟಿದ ಹಾಗೆ. ಚಾದರಕ್ಕೆ ಹಸಿ ವಾಸನೆ, ಚಪ್ಪಲಿಗೆ ಬೂಷ್ಟು. ಅವ್ವನಿಗೆ 76 ವರ್ಷ. ಮಳೆ ಹಿಡಿದರೆ ಅವಳ ಮೊಣಕಾಲು ಹಿಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 12–13 ಡಿಗ್ರಿಗೆ ಇಳಿದಾಗಲೂ ಅದೇ ಕಥೆ.

ಮೊದಲು ಅಗ್ಗಿಷ್ಟಿಕೆಯಲ್ಲಿ ಹಾಗೇ ಬೆಂಕಿ ಹಾಕಿ ನೋಡಿದೆವು. ಎದುರಿಗೆ ಕೂತವರ ಮುಖ ಸುಡುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಅರ್ಧ ಗಂಟೆಯಲ್ಲಿ ಒಳಗಿನ ಕೋಣೆಗಳು ಮೊದಲಿಗಿಂತ ತಣ್ಣಗಾದವು. ಕಾರಣ ಆಮೇಲೆ ತಿಳಿಯಿತು. ತೆರೆದ ಬೆಂಕಿ ಮನೆಯ ಗಾಳಿಯನ್ನೇ ಎಳೆದು ಮೇಲೆ ಒಯ್ಯುತ್ತದೆ. ಆ ಜಾಗಕ್ಕೆ ಬಾಗಿಲ ಸಂದಿಯಿಂದ ಹೊರಗಿನ ತಣ್ಣನೆ ಗಾಳಿ ನುಗ್ಗುತ್ತದೆ. ಕಟ್ಟಿಗೆಯ ಶಾಖದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಕಾಶಕ್ಕೆ ಹೋಗುತ್ತದೆ.

ಹೊರದೇಶಗಳಲ್ಲಿ ಇದಕ್ಕೆ ಇನ್ಸರ್ಟ್ ಅಂತ ಬರುತ್ತದೆ. ಅಗ್ಗಿಷ್ಟಿಕೆಯ ಗೂಡಿನೊಳಗೆ ಕೂರುವ ಮುಚ್ಚಿದ ಒಲೆ. ಮುಂದೆ ಗಾಜಿನ ಬಾಗಿಲು, ಒಳಗೆ ಬೆಂಕಿ ತಡೆಯುವ ಇಟ್ಟಿಗೆ, ಗಾಳಿ ಎಷ್ಟು ಬಿಡಬೇಕು ಅಂತ ತಿರುವುವ ಹಿಡಿಕೆ. ಹೊಗೆ ಮಾತ್ರ ಪೈಪಿನಲ್ಲಿ ಮೇಲೆ ಹೋಗುತ್ತದೆ. ಅಲ್ಲಿಂದ ತರಿಸುವುದು ನಮಗೆ ಆಗದ ಮಾತು. ಆದರೆ ನಮ್ಮ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಬರವೇ? ಅಳತೆ ಕೊಟ್ಟು, ಮರದ ಅಚ್ಚು ಮಾಡಿಸಿ, ಬೀಡು ಕಬ್ಬಿಣದಲ್ಲಿ (ಎರಕದ ಕಬ್ಬಿಣ) ಸುರಿಸಿದೆವು. ಮನೆಯಲ್ಲಿ ಎಲ್ಲರೂ ಅದನ್ನು ಬೀಡಿನ ಒಲೆ ಅಂತಲೇ ಕರೆಯುತ್ತೇವೆ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳಲೇಬೇಕು. ಹಿತ್ತಲಿನ ಮಾವಿನ ಮರದ ಕೊಂಬೆ ಏಪ್ರಿಲ್‌ನಲ್ಲಿ ಕಡಿಸಿದ್ದೆ. ಸೀಳಿಸಲಿಲ್ಲ, ಗುಂಡು ಗುಂಡಾಗಿಯೇ ತಟ್ಟಿನ ಕೆಳಗೆ ಪೇರಿಸಿದ್ದೆ. ಹೊರಗಿನ ತೊಗಟೆ ಒಣಗಿ ಬಿರುಕು ಬಿಟ್ಟಿತ್ತು, ಒಣಗಿದೆ ಅಂದುಕೊಂಡೆ. ಜುಲೈನಲ್ಲಿ ಹಾಕಿದರೆ ಸುಂಯ್ ಅಂತ ತುದಿಯಲ್ಲಿ ನೊರೆ ಬಂತು. ಗಾಜು ಮೂರು ದಿನದಲ್ಲಿ ಕರ್ರಗಾಯಿತು. ರೂಮಿನ ಬಿಸಿ ಜಾಸ್ತಿ ಆಗದಿರಲಿ ಅಂತ ಗಾಳಿ ಹಿಡಿಕೆಯನ್ನೂ ಪೂರ್ತಿ ಮುಚ್ಚುವ ಕಡೆ ತಿರುಗಿಸಿಟ್ಟಿದ್ದೆ. ಬೆಂಕಿ ರಾತ್ರಿಯಿಡೀ ಹೊಗೆಯಾಡುತ್ತಿತ್ತು. ಮೂರನೇ ವಾರ ಪೈಪಿನ ಜೋಡಣೆಯಿಂದ ಕಂದು ನೀರು ಸೋರಿತು. ಪೈಪ್ ಬಿಚ್ಚಿದರೆ ಒಳಗೆಲ್ಲ ಹೊಳೆಯುವ ಕರಿ ಅಂಟು. ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ನೋಡಿದ್ದೀರಲ್ವಾ, ಅದೇ ಹದ. ಇದಕ್ಕೆ ಕ್ರಿಯೋಸೋಟ್ ಅಂತಾರೆ. ಉರಿಯದೆ ಉಳಿದ ಹೊಗೆ ತಣ್ಣನೆ ಪೈಪಿಗೆ ತಾಗಿ ಹೀಗೆ ಕಟ್ಟುತ್ತದೆ. ಇದಕ್ಕೇ ಬೆಂಕಿ ಹತ್ತಿದರೆ ಪೈಪಿನೊಳಗೆ ಸಾವಿರ ಡಿಗ್ರಿ ದಾಟುತ್ತದೆ. ಮೇಲೆ ನಮ್ಮ ಸಾಗವಾನಿ ತೊಲೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ವರ್ಷ ಎರಡೇ ಬದಲಾವಣೆ. ಜನವರಿಯಲ್ಲೇ ಕಡಿಸಿ, ಮುಂಗೈ ದಪ್ಪಕ್ಕೆ ಸೀಳಿಸಿ, ಬಿಸಿಲಿಗೆ ಬಿಟ್ಟ ಕಟ್ಟಿಗೆ. ಮತ್ತೆ ಸಣ್ಣ ಬೆಂಕಿ, ಆದರೆ ಗಾಳಿ ಪೂರ್ತಿ ಕೊಟ್ಟು ಜೋರಾಗಿ ಉರಿಸುವುದು. ಸಂಜೆ ಆರೂವರೆಗೆ ಹಚ್ಚಿದರೆ ಎಂಟೂವರೆಗೆ ಕೆಂಡ. ಮೂರು ಕಿಲೋ ಕಟ್ಟಿಗೆ ಸಾಕು. ಗೋಡೆ ಮತ್ತು ಬೀಡು ಕಾದು ಹನ್ನೊಂದರ ತನಕ ಬೆಚ್ಚಗಿರುತ್ತವೆ. ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಇಟ್ಟಿದ್ದೇನೆ. ಹಚ್ಚುವ ಮೊದಲು 88 ಪರ್ಸೆಂಟ್, ಪಡಸಾಲೆ 25 ಡಿಗ್ರಿಗೆ ಬಂದಾಗ 65. ಅವ್ವ ಒಲೆಯ ತಲೆ ಮೇಲೆ ತಾಮ್ರದ ತಂಬಿಗೆಯಲ್ಲಿ ನೀರು ಇಡುತ್ತಾಳೆ. ಅದೇ ನೀರಿಗೆ ಟವೆಲ್ ಅದ್ದಿ ಮೊಣಕಾಲಿಗೆ ಹಾಕಿಕೊಳ್ಳುತ್ತಾಳೆ.

ಯಾರಾದರೂ ಹಳೇ ಮನೆಯವರು ಇದ್ದರೆ ನಿಮ್ಮ ಅನುಭವ ಬರೆಯಿರಿ. ಪೈಪ್ ಸ್ವಚ್ಛ ಮಾಡುವ ಬಗ್ಗೆ ನನಗೂ ಕೇಳುವುದಿದೆ.

ವಿಜಯಪುರ ಜೋಳ

ಸರ್, ಓದಿ ಆಶ್ಚರ್ಯ ಆಯಿತು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುತ್ತದೆ, ಮನೆ ತಣ್ಣಗೆ ಇಡೋದೇ ನಮ್ಮ ಚಿಂತೆ. ನಮ್ಮ ಹಳೇ ಮಾಳಿಗೆ ಮನೆಯಲ್ಲಿ ಬೆಳಕಿಂಡಿಯಿಂದಲೇ ಹೊಗೆ ಹೋಗುತ್ತಿತ್ತು. ಜಂತಿ ತುಂಬ ಇಲ್ಲಣ. ಒಂದು ಪ್ರಶ್ನೆ. ಕರೆಂಟಿನ ಹೀಟರ್ ಇಟ್ಟರೆ ಸಾಲದೇ? ಇಷ್ಟೆಲ್ಲ ಯಾಕೆ?

ಇನ್ನೊಂದು. ನಮ್ಮ ಕಡೆ ಬಳ್ಳಾರಿ ಜಾಲಿ ಬೇಕಾದಷ್ಟಿದೆ. ಹಳ್ಳದ ದಂಡೆ, ಪಾಳು ಹೊಲ ಎಲ್ಲ ಅದೇ. ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ಅದು ಒಲೆಗೆ ಆಗುತ್ತದಾ?

ಟಿಳಕವಾಡಿ ಕಲ್ಮನೆ

ಒಳ್ಳೆ ಪ್ರಶ್ನೆ ಸರ್. ಲೆಕ್ಕ ಹೀಗಿದೆ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4 ಯುನಿಟ್ ಶಾಖ ಇರುತ್ತದೆ. ಮುಚ್ಚಿದ ಒಲೆಯಲ್ಲಿ ಮೂರರಲ್ಲಿ ಎರಡು ಪಾಲು ಮನೆಗೆ ಸಿಗುತ್ತದೆ ಅಂತ ಹಿಡಿಯಿರಿ. ಮೂರು ಕಿಲೋಗೆ 8 ಯುನಿಟ್ ಆಯಿತು. ಅಷ್ಟು ಬಿಸಿಯನ್ನು ಎರಡು ಗಂಟೆಯಲ್ಲಿ ಕರೆಂಟಿನಿಂದ ಪಡೆಯಲು ಎರಡು ಕಿಲೋವ್ಯಾಟಿನ ಎರಡು ಹೀಟರ್ ಒಟ್ಟಿಗೆ ಓಡಬೇಕು. ನಮ್ಮ ಹಳೇ ವೈರಿಂಗ್ ತಡೆಯುವುದಿಲ್ಲ. ಜುಲೈನಲ್ಲಿ ಗಾಳಿ ಮಳೆಗೆ ಕರೆಂಟೂ ಹೋಗುತ್ತಿರುತ್ತದೆ. ಚಿಕ್ಕ ಕೋಣೆ ಇದ್ದವರಿಗೆ, ಹೊಸ ಮನೆ ಇದ್ದವರಿಗೆ ಕರೆಂಟಿನ ಹೀಟರೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ.

ಬಳ್ಳಾರಿ ಜಾಲಿ ತುಂಬ ಚೆನ್ನಾಗಿ ಉರಿಯುತ್ತದೆ, ಗಟ್ಟಿ ಕೆಂಡ ಬೀಳುತ್ತದೆ. ಮುಳ್ಳು ಬಿಡಿಸುವ ಕಷ್ಟ ಒಂದೇ. ಹಸಿ ಇದ್ದಾಗಲೇ ಸೀಳಿಸಿ. ಒಣಗಿದ ಮೇಲೆ ಕೊಡಲಿ ಪುಟಿಯುತ್ತದೆ.

ಉದ್ಯಮಬಾಗ ಮೋಲ್ಡರ್

ನಮಸ್ಕಾರ್ರೀ. ನಾನು 22 ವರ್ಷದಿಂದ ಫೌಂಡ್ರಿಯಲ್ಲಿ ಅಚ್ಚು ಹಾಕುವವನು. ಪಂಪು, ವಾಲ್ವು, ಗಾಡಿ ಬಿಡಿಭಾಗ ಅಂತ ಏನೇನೋ ಸುರಿದಿದ್ದೇವೆ, ಒಲೆ ಮಾತ್ರ ಮಾಡಿರಲಿಲ್ಲ. ಓದಿ ಖುಷಿ ಆಯಿತು. ಬೀಡಿನ ಗುಣ ಗೊತ್ತಿಲ್ಲದೆ ಜನ ಹಾಳು ಮಾಡಿಕೊಳ್ಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಬೀಡು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಅದೇ ಅದರ ಲಾಭ. ಆದರೆ ಅದಕ್ಕೆ ಬಾಗುವ ಗುಣ ಇಲ್ಲ. ಕಾದಾಗ ತಣ್ಣೀರು ಬಿದ್ದರೆ ಠಣ್ ಅಂತ ಸೀಳುತ್ತದೆ. ಹೊಸ ಒಲೆಯಲ್ಲಿ ಮೊದಲ ದಿನವೇ ದೊಡ್ಡ ಬೆಂಕಿ ಹಾಕಬಾರದು. ಮೂರು ನಾಲ್ಕು ದಿನ ಸಣ್ಣ ಸಣ್ಣ ಬೆಂಕಿ ಹಾಕಿ, ಪ್ರತಿ ಸಲ ಪೂರ್ತಿ ಆರಲು ಬಿಡಿ. ಬಣ್ಣ ಕಾದು ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ.

ಸರ್, ನಿಮ್ಮ ಗೌಂಡಿ ಒಲೆಯ ಸುತ್ತ ಸಿಮೆಂಟ್ ತುಂಬಿದ್ದಾನೋ ಹೇಗೆ? ಬೀಡು ಕಾದಾಗ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಒಂದೋ ಒಲೆ ಒಡೆಯುತ್ತದೆ, ಇಲ್ಲ ಕಲ್ಲು ಬಿಡುತ್ತದೆ. ಸುತ್ತ ಬೆರಳು ಹೋಗುವಷ್ಟು ಸಂದಿ ಬೇಕು. ಆ ಸಂದಿಗೆ ಬೆಂಕಿ ತಡೆಯುವ ಸೆರಾಮಿಕ್ ಹಗ್ಗ ತುರುಕಬೇಕು. ಬಾಗಿಲಿನ ಅಂಚಿಗೂ ಅದೇ ಹಗ್ಗ. ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸುಲಭವಾಗಿ ಬಂದರೆ ಹಗ್ಗ ಬದಲಿಸಿ.

ಗಾಜು ಯಾವುದು ಹಾಕಿಸಿದಿರಿ?

ಟಿಳಕವಾಡಿ ಕಲ್ಮನೆ

ಕಾಕಾ, ಗಾಜಿನ ವಿಷಯ ಕೇಳಿ ಒಳ್ಳೆಯದು ಮಾಡಿದಿರಿ. ಬಾಗಿಲು ಮಾಡಿಕೊಟ್ಟವರು ಮೊದಲು ಟಫನ್ ಗಾಜು ಹಾಕಿದ್ದರು. ಅಂಗಡಿ ಬಾಗಿಲಿಗೆ ಹಾಕುತ್ತಾರಲ್ಲ, ಅದು. ಏನೂ ಆಗಲ್ಲ ಅಂದರು. ಎಂಟನೇ ದಿನ ಅವ್ವ ಎದುರಿಗೆ ಕೂತಿದ್ದಾಗಲೇ ಪುಡಿಪುಡಿಯಾಗಿ ಉದುರಿತು. ಅವಳ ಸೀರೆ ಸೆರಗಿನ ಮೇಲೆ ಗಾಜಿನ ಹರಳು, ನೆಲದ ಮೇಲೆ ಕೆಂಡ. ದೇವರ ದಯೆ, ಏನೂ ಆಗಲಿಲ್ಲ. ಟಫನ್ ಗಾಜು 250 ಡಿಗ್ರಿ ಆಸುಪಾಸಿನ ತನಕ ಮಾತ್ರ. ಒಲೆಗೆ ಬೇಕಾಗಿರುವುದು ಸೆರಾಮಿಕ್ ಗಾಜು, 700 ಡಿಗ್ರಿ ತಡೆಯುವಂಥದ್ದು. ಅದನ್ನು ಪುಣೆಯಿಂದ ತರಿಸಿದೆ. ಇದರಲ್ಲಿ ದುಡ್ಡು ಉಳಿಸಬೇಡಿ ಅಂತ ಎಲ್ಲರಿಗೂ ಕೈ ಮುಗಿದು ಕೇಳುತ್ತೇನೆ.

ಸುತ್ತ ಸಂದಿ ಇದೆ ಕಾಕಾ. ಗೌಂಡಿ ಸಿಮೆಂಟ್ ಕಲಸಿಕೊಂಡು ನಿಂತಿದ್ದ, ನಾನೇ ತಡೆದೆ. ನೋಟಿನ ಪರೀಕ್ಷೆ ಈಗ ಮಾಡಿದೆ. ಬಿಜಾಗರಿ ಕಡೆ ಗಟ್ಟಿ ಇದೆ, ಚಿಲಕದ ಕೆಳಗೆ ಮಾತ್ರ ಸಡಿಲ. ಹಗ್ಗ ತರಿಸುತ್ತೇನೆ.

ಖಾನಾಪುರ ಗದ್ದೆ

ಕಟ್ಟಿಗೆ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಜಾಂಬೋಟಿ ಕಡೆ. ನಿಮ್ಮ ಮಳೆ ನಮಗೆ ತುಂತುರು. ಇಲ್ಲಿ ಬಚ್ಚಲೊಲೆ ಮಳೆಗಾಲದಲ್ಲಿ ಆರುವುದೇ ಇಲ್ಲ.

ಮೊದಲನೆಯದು, ಕಾಡಿನ ಕಟ್ಟಿಗೆ ಅಂತ ಯಾರಾದರೂ ಟೆಂಪೋ ತಂದು ನಿಲ್ಲಿಸಿದರೆ ತಗೋಬೇಡಿ. ಭೀಮಗಡ ವನ್ಯಧಾಮ ಆಗಿ 2011ರಿಂದ ಇದೆ. ಅಲ್ಲಿಂದ ಒಂದು ಕಡ್ಡಿ ತಂದರೂ ತಪ್ಪೇ. ಹಿತ್ತಲಿನ ಮರ ಆದರೂ ಸುಮ್ನೆ ಕಡಿಯಲು ಬರುವುದಿಲ್ಲ. 1976ರ ಮರ ಸಂರಕ್ಷಣಾ ಕಾಯಿದೆ ಇದೆ, ಬಹಳಷ್ಟು ಜಾತಿಗೆ ಅನುಮತಿ ಬೇಕು. ಅರಣ್ಯ ಇಲಾಖೆಯಲ್ಲಿ ಕೇಳಿಯೇ ಕೊಡಲಿ ಹಾಕಿ. ನನ್ನ ಕೇಳಿದರೆ ಸಾ ಮಿಲ್ಲಿನ ತುಂಡು, ರಸ್ತೆ ಬದಿ ಬಿದ್ದು ಹರಾಜಾದ ಮರ, ಹೊಲದ ಬದುವಿನ ಜಾಲಿ, ಅಕೇಶಿಯಾ, ನೀಲಗಿರಿ ಸಾಕು. ಹಳೇ ಬಾಗಿಲು, ಪ್ಲೈವುಡ್, ಬಣ್ಣ ಹಚ್ಚಿದ ಹಲಗೆ ಒಲೆಗೆ ಬೇಡವೇ ಬೇಡ. ಆ ಹೊಗೆ ವಿಷ.

ಒಣಗಿಸುವುದು. ನಮ್ಮಲ್ಲಿ ಹಳಬರು ಸಂಕ್ರಾಂತಿ ಮುಗಿದ ಮೇಲೆ ಕಡಿದು, ಹೋಳಿ ಹುಣ್ಣಿಮೆಯೊಳಗೆ ಸೀಳಿ ಪೇರಿಸುತ್ತಿದ್ದರು. ಅದರಲ್ಲಿ ಅರ್ಥ ಇದೆ. ಮಾರ್ಚ್, ಏಪ್ರಿಲ್, ಮೇ ಬಿಸಿಲು ಪೂರ್ತಿ ಸಿಗುತ್ತದೆ. ನೆಲಕ್ಕೆ ತಾಗದ ಹಾಗೆ ಕೆಳಗೆ ಎರಡು ಕಲ್ಲು, ಅಡ್ಡ ಬೊಂಬು. ಮೇಲೆ ಪತ್ರಾ. ನಾಲ್ಕೂ ಕಡೆ ಗಾಳಿ ಆಡಬೇಕು. ತಾಡಪಾಲಿನಿಂದ ಪೂರ್ತಿ ಸುತ್ತುತ್ತಾರೆ ಕೆಲವರು. ಒಳಗೇ ಬೆವತು ಅಣಬೆ ಏಳುತ್ತದೆ. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಖಣ್ ಅನ್ನುತ್ತದೆ, ಹಸಿ ಇದ್ದದ್ದು ದಪ್ ಅನ್ನುತ್ತದೆ.

ಬೂದಿ ಏನು ಮಾಡುತ್ತೀರಿ? ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ. ಬೂದಿ ಹಾಕಿದರೆ ಹುಳಿ ಮುರಿಯುತ್ತದೆ, ಪೊಟ್ಯಾಶೂ ಸಿಗುತ್ತದೆ, ತೆಂಗು ಬಾಳೆಗೆ ಒಳ್ಳೆಯದು. ವಿಜಯಪುರದವರ ಎರೆಮಣ್ಣು ಮೊದಲೇ ಸವಳು ಕಡೆ ವಾಲಿರುತ್ತದೆ, ಅಲ್ಲಿ ಹಾಕಬಾರದು.

ಜಮಖಂಡಿ ಅಕ್ಕ

ನಾನು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ತವರಿನಲ್ಲಿ ಅವ್ವ ನಲವತ್ತು ವರ್ಷ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಯ ಒಲೆ ಊದಿದಳು. ಕೊನೆಗೆ ಅವಳ ಕೆಮ್ಮು ಹೋಗಲೇ ಇಲ್ಲ. ಬೀಡಿ ಸೇದದ ಹೆಂಗಸಿಗೆ ಸೇದುವವರ ಎದೆಯ ಹಾಗೆ ಆಗಿದೆ ಅಂತ ಡಾಕ್ಟರ್ ಹೇಳಿದರು. ಅದಕ್ಕೆ ಮನೆಯೊಳಗೆ ಕಟ್ಟಿಗೆ ಅಂದರೆ ನನಗೆ ಹೊಟ್ಟೆ ಕಲಕುತ್ತದೆ.

ಅವಳ ಕೊನೆಯ ಹತ್ತು ವರ್ಷ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ್ದು. ಮೂರು ಪಾತ್ರೆ ಇಡುವ ಜಾಗ, ಕೆಳಗೆ ಜಾಳಿಗೆ, ಹೊಗೆಗೆ ಕೊಳವೆ. ಕಟ್ಟಿಗೆ ಕಡಿಮೆ ಹಿಡಿಯಿತು, ಅಡುಗೆಮನೆ ಗೋಡೆ ಬೆಳ್ಳಗೆ ಉಳಿಯಿತು. ಆದರೆ ಅಷ್ಟರಲ್ಲಿ ತಡವಾಗಿತ್ತು.

ನಿಮ್ಮ ಒಲೆಯ ಹೊಗೆ ಮನೆಯೊಳಗೆ ಬರುವುದಿಲ್ಲ ಅಂತ ನಂಬುತ್ತೇನೆ. ಹೊರಗೆ ಹೋಗುವ ಹೊಗೆ? ಟಿಳಕವಾಡಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಪಕ್ಕದ ಮನೆಯಲ್ಲಿ ಕೂಸು ಇದ್ದರೆ?

ಟಿಳಕವಾಡಿ ಕಲ್ಮನೆ

ಅಕ್ಕಾರೆ, ತಪ್ಪು ತಿಳಿಯುವುದು ಏನಿದೆ. ಈ ಮಾತು ಬರಲೇಬೇಕಿತ್ತು. ನಿಮ್ಮ ಅವ್ವನ ಬಗ್ಗೆ ಓದಿ ಮನಸ್ಸು ಭಾರ ಆಯಿತು.

ಹಚ್ಚಿದ ಮೊದಲ ಹತ್ತು ನಿಮಿಷ ಹೊಗೆ ಕಾಣುತ್ತದೆ. ನಾನು ಹೊರಗೆ ಹೋಗಿ ಪೈಪಿನ ತುದಿ ನೋಡುತ್ತೇನೆ. ಬೂದು ಹೊಗೆ ಬರುತ್ತಿದ್ದರೆ ಗಾಳಿ ಜಾಸ್ತಿ ಕೊಡುತ್ತೇನೆ. ಒಲೆ ಸರಿಯಾಗಿ ಕಾದ ಮೇಲೆ ಬಿಸಿಲಿನ ರಸ್ತೆ ಮೇಲೆ ಕಾಣುವ ಝಳದ ಹಾಗೆ ಇಷ್ಟೇ ಕಾಣುತ್ತದೆ. ಒಳಗೆ ಮೇಲ್ಗಡೆ ಸಾಲು ತೂತು ಕೊರೆಸಿದ್ದೇನೆ. ಅಲ್ಲಿಂದ ಬಿಸಿ ಗಾಳಿ ಬಂದು ಹೊಗೆಯೇ ಹತ್ತಿ ಉರಿಯುತ್ತದೆ. ಗ್ಯಾಸ್ ಒಲೆಯನ್ನು ತಲೆಕೆಳಗೆ ಹಿಡಿದ ಹಾಗೆ ತೂತು ತೂತಿನಿಂದ ಉರಿ ಇಳಿಯುತ್ತದೆ. ಅದು ಕಂಡರೆ ಹೊಗೆ ವ್ಯರ್ಥ ಹೋಗುತ್ತಿಲ್ಲ ಅಂತ ಅರ್ಥ.

ಹಾಗಂತ ಪೂರ್ತಿ ಶುದ್ಧ ಅಂತ ಹೇಳಲಾರೆ. ಪಕ್ಕದ ಮನೆಯ ವೈನಿಗೆ ದಮ್ಮು ಇದೆ. ಅವರಿಗೆ ಮೊದಲೇ ಹೇಳಿದ್ದೇನೆ. ಗಾಳಿ ಅವರ ಕಡೆ ಬೀಸುವ ದಿನ, ಅವರು ಫೋನ್ ಮಾಡಿದ ದಿನ ಹಚ್ಚುವುದಿಲ್ಲ. ಈ ವರ್ಷ ಹಾಗೆ ಒಂಬತ್ತು ದಿನ ಬಿಟ್ಟೆವು.

ವರ್ಮಾಂಟ್ ಬೆಳಗಾವಿಯವ

ನಾನು ಶಹಾಪುರದಲ್ಲಿ ಹುಟ್ಟಿ ಬೆಳೆದವನು. ಈಗ ಅಮೆರಿಕದ ವರ್ಮಾಂಟಿನಲ್ಲಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ಹೊಸದಲ್ಲ. ಮನೆ ಕೊಂಡಾಗ ಹೊಸ ಇನ್ಸರ್ಟ್ ಹಾಕಿಸಿದೆವು. ಆರು ಚಳಿಗಾಲ ಆಯಿತು. ಕೆಲವು ಸಂಗತಿ ಸೇರಿಸುತ್ತೇನೆ.

ಅಣ್ಣಾ, ನೀವು ಅನುಭವದಿಂದ ಕಲಿತದ್ದು ಇಲ್ಲಿಯವರೂ ಹೇಳುವ ಮಾತೇ. ಕಟ್ಟಿಗೆಯ ನೀರಿನಂಶ 20 ಪರ್ಸೆಂಟ್‌ಗಿಂತ ಕೆಳಗೆ ಇರಬೇಕು. ಕಟ್ಟಿಗೆಯ ತೇವ ಅಳೆಯುವ ಮೀಟರಿನ ಸೂಜಿಯನ್ನು ತುಂಡಿನ ಹೊರಗೆ ಚುಚ್ಚಬೇಡಿ. ಆಗಲೇ ಸೀಳಿ, ಒಳಮೈಗೆ ಚುಚ್ಚಿ ನೋಡಿ. ಇಲ್ಲಿ ಓಕ್ ಮರ ಒಣಗಲು ಎರಡು ವರ್ಷ ಬೇಕು. ನಮ್ಮೂರ ಮೂರು ತಿಂಗಳ ಬಿಸಿಲು ನೆನೆದರೆ ಹೊಟ್ಟೆಕಿಚ್ಚು ಆಗುತ್ತದೆ.

ಇಲ್ಲಿ ಮಾರುವ ಹೊಸ ಒಲೆಗೆ 2020ರ ಮೇ 15ರಿಂದ ಬಿಗಿ ನಿಯಮ ಬಂದಿದೆ. ಗಂಟೆಗೆ 2 ಗ್ರಾಂಗಿಂತ ಜಾಸ್ತಿ ಹೊಗೆಯ ಕಣ ಬಿಡಬಾರದು. ನಿಜವಾದ ಸೌದೆ ಹಾಕಿ ಪರೀಕ್ಷೆ ಮಾಡಿದ್ದಾದರೆ 2.5 ಗ್ರಾಂ. ಈ ಅಳತೆಗೆ ಬರಲು ನೀವು ಹೇಳಿದ ಮೇಲಿನ ಸಾಲು ತೂತು, ಇಲ್ಲವೇ ಹೊಗೆ ಉರಿಯಲು ನೆರವಾಗುವ ವೇಗವರ್ಧಕದ ಜಾಲರಿ ಹಾಕುತ್ತಾರೆ. ಆದರೆ ಎಂಥ ಒಲೆಯಾದರೂ ಹಸಿ ಕಟ್ಟಿಗೆ ಹಾಕಿದರೆ ಈ ಅಂಕಿ ಕಾಗದದ ಮೇಲೆ ಮಾತ್ರ.

ಮೂರು ವಿಷಯ ಕೇಳಬೇಕು. ಹಳೇ ಹೊಗೆಗೂಡಿನೊಳಗೆ ಒಲೆಯಿಂದ ತುದಿಯ ತನಕ ಸ್ಟೀಲ್ ಪೈಪ್ ಇದೆಯಾ, ಅರ್ಧಕ್ಕೆ ಬಿಟ್ಟಿದ್ದೀರಾ? ಪೈಪ್ ಹಂಚಿನ ಮೇಲೆ ಎಷ್ಟು ಎತ್ತರ ಇದೆ? ಇಲ್ಲಿಯ ನಿಯಮ ಅಂದರೆ ಛಾವಣಿ ದಾಟಿದ ಜಾಗದಿಂದ 3 ಅಡಿ, ಮತ್ತೆ 10 ಅಡಿ ದೂರದೊಳಗೆ ಏನಿದೆಯೋ ಅದಕ್ಕಿಂತ 2 ಅಡಿ ಮೇಲೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಟ್ಟಿದ್ದೀರಾ? ಆ ಗಾಳಿಗೆ ಬಣ್ಣ, ವಾಸನೆ ಏನೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ದಯವಿಟ್ಟು ಇದನ್ನು ಮುಂದೂಡಬೇಡಿ.

ಟಿಳಕವಾಡಿ ಕಲ್ಮನೆ

ತಮ್ಮಾ, ಬಹಳ ಉಪಕಾರ ಆಯಿತು. ಪೈಪ್ ಪೂರ್ತಿ ಇದೆ. ಆರು ಇಂಚು ಅಗಲ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ತುದಿಗೆ ಮಳೆ ಟೋಪಿ. ನಿಜ ಹೇಳಬೇಕೆಂದರೆ ಒಲೆಗಿಂತ ಪೈಪಿಗೇ ಜಾಸ್ತಿ ದುಡ್ಡು ಹೋಯಿತು. ಹಳೇ ಗೂಡು ಎರಡು ಅಡಿ ಅಗಲ, ಅಷ್ಟು ಜಾಗದಲ್ಲಿ ಹೊಗೆ ತಣ್ಣಗಾಗಿ ನಿಂತುಬಿಡುತ್ತದೆ. ಪೈಪಿನ ಸುತ್ತ ಗೂಡಿನ ಬಾಯಿಗೆ ತಗಡು ಮುಚ್ಚಿ, ಶಾಖ ತಡೆಯುವ ರಾಕ್‌ವೂಲ್ ತುಂಬಿದ್ದೇನೆ. ಎತ್ತರ ಮಾತ್ರ ಇವತ್ತು ಏಣಿ ಹಾಕಿ ಅಳೆದೆ. ಹಂಚಿನ ಮೇಲೆ ಎರಡೂಕಾಲು ಅಡಿ ಇದೆ. ಗಾಳಿ ಮಳೆಯ ದಿನ ಹೊಗೆ ಒಳಗೆ ತಳ್ಳುತ್ತಿದ್ದುದು ಇದಕ್ಕೇ ಇರಬೇಕು. ಇನ್ನೊಂದು ತುಂಡು ಜೋಡಿಸುತ್ತೇನೆ.

ಅಲಾರಂ ಇರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಆರ್ಡರ್ ಹಾಕಿದೆ. ಅದು ಬರುವ ತನಕ ಒಲೆ ಬಂದ್.

ಹಿಂಡಲಗಾ ಹೊಸಮನೆ

ಸರ್, ನಮ್ಮದು ಹೋದ ವರ್ಷ ಕಟ್ಟಿದ ಸ್ಲ್ಯಾಬಿನ ಮನೆ. ಹೆಂಡತಿಗೆ ನಿಮ್ಮ ಒಲೆಯ ಬಗ್ಗೆ ಓದಿ ಆಸೆ ಆಗಿದೆ. ಚಳಿಗಾಲಕ್ಕೆ ಅಂತ ಹಾಲಿನಲ್ಲಿ ಹಾಕಿಸಬಹುದಾ? ಅಲ್ಲಿಯವರೆಗೆ ಇದ್ದಿಲ ಶೇಗಡಿ ಇಟ್ಟುಕೊಂಡರೆ ಹೇಗೆ? ಡಿಸೆಂಬರ್‌ನಲ್ಲಿ ಮಗುವಿನ ಕೋಣೆ ತಣ್ಣಗಿರುತ್ತದೆ.

ಟಿಳಕವಾಡಿ ಕಲ್ಮನೆ

ಶೇಗಡಿ ಬೇಡ. ಮಗುವಿನ ಕೋಣೆಯಲ್ಲಂತೂ ಖಂಡಿತ ಬೇಡ. ಹೊಗೆ ಕಾಣದಿದ್ದರೂ ಇದ್ದಿಲು ಅದೇ ವಿಷಗಾಳಿ ಬಿಡುತ್ತದೆ. ಬಾಗಿಲು ಹಾಕಿ ಶೇಗಡಿ ಇಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಪ್ರತಿ ಚಳಿಗಾಲ ಪೇಪರಿನಲ್ಲಿ ಬರುತ್ತದೆ. ಇವತ್ತೇ ಹೊರಗೆ ಇಡಿ ತಮ್ಮಾ.

ಹೊಗೆಗೂಡು ಇಲ್ಲದ ಹೊಸ ಮನೆಗೆ ಈ ಒಲೆ ನಾನು ಹೇಳುವುದಿಲ್ಲ. ಸ್ಲ್ಯಾಬ್ ಕೊರೆಯಬೇಕು, ಅದು ಹಾಯುವ ಜಾಗದಲ್ಲಿ ಎರಡು ಪದರದ ಪೈಪ್ ಬೇಕು, ಮಳೆಗೆ ಸೋರದ ಹಾಗೆ ಮಾಡಬೇಕು. ನಮ್ಮೂರ ಚಳಿಗೆ ಅಷ್ಟು ಖರ್ಚು ದಂಡ. ಮಗುವಿನ ಕೋಣೆಗೆ ಎಣ್ಣೆ ತುಂಬಿದ ಕರೆಂಟಿನ ಹೀಟರ್ ತಗೊಳ್ಳಿ. ಕಿಟಕಿಗೆ ದಪ್ಪ ಪರದೆ ಹಾಕಿ.

ಜಮಖಂಡಿ ಅಕ್ಕ

ಶೇಗಡಿ ಬಗ್ಗೆ ಅಣ್ಣ ಹೇಳಿದ್ದನ್ನು ಕೇಳಿ ತಮ್ಮಾ. ಇನ್ನೊಂದು, ಒಲೆ ಇರುವ ಮನೆಗೆ ಮಕ್ಕಳು ಬಂದರೆ ಎದುರಿಗೆ ಜಾಳಿಗೆ ಇಡಿ. ಗಾಜು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ.

ಉದ್ಯಮಬಾಗ ಮೋಲ್ಡರ್

ಅಕ್ಕಾರೆ ಹೇಳಿದ್ದು ಸರಿ. ಜಾಳಿಗೆ ನಾನು ಮಾಡಿಕೊಡುತ್ತೇನೆ. ಅಳತೆ ಕಳಿಸಿ. ಮತ್ತೆ ಬೂದಿ ತೆಗೆಯುವಾಗ ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ. ಮುಚ್ಚಳ ಇರುವ ತಗಡಿನ ಡಬ್ಬಿ ಬೇಕು. ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ನಮ್ಮ ಓಣಿಯಲ್ಲಿ ಹೀಗೇ ಒಂದು ಕಣಕಿ ಬಣವೆ ಸುಟ್ಟುಹೋಯಿತು.

ವರ್ಮಾಂಟ್ ಬೆಳಗಾವಿಯವ

ಪೈಪ್ ಸ್ವಚ್ಛ ಮಾಡುವ ಬಗ್ಗೆ ಕೇಳುವುದಿದೆ ಅಂದಿದ್ದಿರಿ. ವರ್ಷಕ್ಕೆ ಒಂದು ಸಲ ತಪ್ಪಿಸಬಾರದು. ಸ್ಟೀಲ್ ಪೈಪಿಗೆ ನೈಲಾನ್ ಬ್ರಶ್ ಸಾಕು. ಬಾಗಿಲು ಮುಚ್ಚಿ, ಮೇಲಿಂದ ಕೆಳಗೆ ತಿಕ್ಕಬೇಕು. ಉದುರಿದ್ದು ಕಂದು ಪುಡಿ ಇದ್ದರೆ ಚಿಂತೆ ಇಲ್ಲ. ಹೊಳೆಯುವ ಹೊಪ್ಪಳಿಕೆ ಬಂದರೆ ಮತ್ತೆ ಹಸಿ ಕಟ್ಟಿಗೆ ಹೋಗಿದೆ ಅಂತ ತಿಳಿಯಿರಿ. ಮಸಿ ಎಷ್ಟು ದಪ್ಪ ಅಂತಲೂ ನೋಡಿ. ಕಾಲು ಇಂಚಿನ ತನಕ ಬಿಡಲೇಬೇಡಿ.

ಟಿಳಕವಾಡಿ ಕಲ್ಮನೆ

ಬ್ರಶ್ ತರಿಸಿದೆ. ಅಲಾರಂ ಬಂತು, ಪಡಸಾಲೆಯಲ್ಲಿ ಒಂದು, ಅವ್ವ ಮಲಗುವ ಕೋಣೆಯಲ್ಲಿ ಒಂದು. ಪೈಪಿನ ತುಂಡೂ ಜೋಡಿಸಿದೆ. ನಿನ್ನೆ ಸಂಜೆ ಗಾಳಿ ಜೋರಿತ್ತು, ಒಂದು ಎಳೆ ಹೊಗೆಯೂ ಒಳಗೆ ಬರಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಮಳೆ ಬಿಟ್ಟರೆ ಪೈಪ್ ತಿಕ್ಕುತ್ತೇನೆ. ನೋಡಬೇಕು ಅನ್ನುವವರು ಎಂಟರೊಳಗೆ ಬನ್ನಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಮಸಿ ಹಿಡಿಯುತ್ತದೆ. ಅವ್ವ ಅವಲಕ್ಕಿ ಮಾಡುತ್ತೇನೆ ಅಂದಿದ್ದಾಳೆ. ಎಷ್ಟು ಜನ ಅಂತ ಶನಿವಾರ ರಾತ್ರಿಯೊಳಗೆ ತಿಳಿಸಿ.